ಆರೋಗ್ಯ ಪ್ರಶ್ನೋತ್ತರ: ವಾರ್ಡಿನಲ್ಲಿ ದಿನವಿಡೀ ಇರುವ ವೈದ್ಯರು

ಮಾರ್ಚ್ ತಿಂಗಳ ಮೊದಲ ಗುರುವಾರವನ್ನು ಅಮೆರಿಕದ ಆಸ್ಪತ್ರೆಗಳು 2019ರಿಂದ ‘ನ್ಯಾಷನಲ್ ಹಾಸ್ಪಿಟಲಿಸ್ಟ್ ಡೇ’ ಎಂದು ಆಚರಿಸುತ್ತಿವೆ. ಆಸ್ಪತ್ರೆಗೆ ದಾಖಲಾದ ಒಳರೋಗಿಗಳ ಆರೈಕೆಯನ್ನೇ ವೃತ್ತಿಯಾಗಿಸಿಕೊಂಡ ವೈದ್ಯರನ್ನು ನೆನೆಯುವ ದಿನ ಅದು. ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗಿ ಆಸ್ಪತ್ರೆ ಕಂಡುಬಂದ ಓದುಗರಿಂದಲೂ, ಅಲ್ಲಿಯೇ ನೆಲೆಸಿರುವ ಕನ್ನಡಿಗರಿಂದಲೂ ಈ ವೈದ್ಯರ ಬಗ್ಗೆ ಪತ್ರಗಳು ಬಂದಿವೆ. ಆಯ್ದ ಕೆಲವಕ್ಕೆ, ಅಮೆರಿಕದ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಮಾಡುತ್ತಿರುವ ನಮ್ಮ ಅಂಕಣಕಾರ ವೈದ್ಯರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನ್ಯುಮೋನಿಯಾ ಆಗಿ ಅಲ್ಲಿಯ ಆಸ್ಪತ್ರೆ ಸೇರಬೇಕಾಯಿತು. ಮಗಳ ಮನೆಯ ಫ್ಯಾಮಿಲಿ ಡಾಕ್ಟರ್ ಒಮ್ಮೆಯೂ ಬರಲಿಲ್ಲ. ಅವರ ಬದಲು ಒಬ್ಬ ವೈದ್ಯೆ ದಿನವೂ ಬಂದು, ಕುರ್ಚಿ ಎಳೆದುಕೊಂಡು ಕೂತು ನನ್ನನ್ನು ಮಾತನಾಡಿಸುತ್ತಿದ್ದರು. ಒಂದು ಬೆಳಿಗ್ಗೆ ಬೇರೊಬ್ಬರು ಬಂದರು. ಮೊದಲಿನವರನ್ನು ಮತ್ತೆ ನೋಡಲೇ ಇಲ್ಲ. ಇವರು ಯಾವ ರೋಗದ ತಜ್ಞರು? ನಡುವೆ ಬದಲಾಗುವುದೇಕೆ?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ನೀವು ಕಂಡ ಇಬ್ಬರೂ ಹಾಸ್ಪಿಟಲಿಸ್ಟ್‌ಗಳು. ಅವರು ಯಾವುದೋ ಒಂದು ಅಂಗದ ಅಥವಾ ಒಂದು ರೋಗದ ತಜ್ಞರಲ್ಲ. ರೋಗಿ ಆಸ್ಪತ್ರೆಯಲ್ಲಿರುವಷ್ಟು ದಿನ ಆತನ ಒಟ್ಟು ಹೊಣೆಯನ್ನು ಹೊರುವವರು. ಅವರಲ್ಲಿ ಬಹುಪಾಲು ಮಂದಿ ಇಂಟರ್ನಲ್ ಮೆಡಿಸಿನ್, ಅಂದರೆ ನಮ್ಮ ಕಡೆ ಜನರಲ್ ಮೆಡಿಸಿನ್ ಎನ್ನುವ ವಿಷಯದಲ್ಲಿ 3 ವರ್ಷದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ಸ್ನಾತಕೋತ್ತರ ತರಬೇತಿ) ಮುಗಿಸಿದವರು. ಮಕ್ಕಳ ವಾರ್ಡಿನಲ್ಲಾದರೆ ಮಕ್ಕಳ ವೈದ್ಯರು ಇದೇ ಕೆಲಸ ಮಾಡುತ್ತಾರೆ.

ಮೊದಲು ಅಮೆರಿಕದಲ್ಲಿಯೂ ಫ್ಯಾಮಿಲಿ ಡಾಕ್ಟರರೇ ಆಸ್ಪತ್ರೆಗೆ ಬರುತ್ತಿದ್ದರು. ಬೆಳಿಗ್ಗೆ ಕ್ಲಿನಿಕ್ ತೆರೆಯುವ ಮುಂಚೆ ವಾರ್ಡಿಗೆ ಒಂದು ಸುತ್ತು, ಕ್ಲಿನಿಕ್ ಮುಚ್ಚಿದ ಮೇಲೆ ಸಾಧ್ಯವಾದರೆ ಇನ್ನೊಂದು ಸುತ್ತು. ನಡುವಿನ ಹೊತ್ತಿನಲ್ಲಿ ರೋಗಿಗೆ ಏನಾದರೂ ಆದರೆ ನರ್ಸ್ ಫೋನ್ ಮಾಡಬೇಕು, ಅವರು ಕ್ಲಿನಿಕ್‌ನ ರೋಗಿಗಳನ್ನು ಕೂರಿಸಿ ಫೋನಿನಲ್ಲಿಯೇ ಔಷಧಿ ಹೇಳಬೇಕು. 1983ರಲ್ಲಿ ಮೆಡಿಕೇರ್ ಎಂಬ ಅಲ್ಲಿಯ ಸರ್ಕಾರಿ ವಿಮೆಯು ಆಸ್ಪತ್ರೆಗೆ ಖರ್ಚಾದಷ್ಟನ್ನು ತುಂಬಿಕೊಡುವ ಪದ್ಧತಿಯನ್ನು ಬಿಟ್ಟು, ರೋಗಕ್ಕೆ ಇಷ್ಟು ಎಂಬ ನಿಗದಿತ ಮೊತ್ತ ಕೊಡಲು ಆರಂಭಿಸಿದ ಮೇಲೆ, ಸಣ್ಣಪುಟ್ಟ ಕಾಯಿಲೆಗಳಿಗೆ ದಾಖಲು ಮಾಡಿಕೊಳ್ಳುವುದು ಕಡಿಮೆಯಾಗಿ, ನಿಜಕ್ಕೂ ತೀವ್ರವಾಗಿ ಬಳಲುವವರೇ ವಾರ್ಡಿನಲ್ಲಿ ಉಳಿಯುವಂತಾಯಿತು. ಅಂಥವರನ್ನು ದಿನಕ್ಕೊಮ್ಮೆ ಬಂದುಹೋಗಿ ನೋಡಿಕೊಳ್ಳುವುದು ಕಷ್ಟವಾಯಿತು. ಕೆಲವು ಊರುಗಳ ವೈದ್ಯರು ಆಸ್ಪತ್ರೆಯ ಕೆಲಸವನ್ನು ಒಬ್ಬಿಬ್ಬರಿಗೆ ಪೂರ್ತಿ ವಹಿಸಿಕೊಟ್ಟು ತಾವು ಕ್ಲಿನಿಕ್‌ನಲ್ಲಿಯೇ ಉಳಿಯತೊಡಗಿದರು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ವಾಕ್ಟರ್ ಮತ್ತು ಲೀ ಗೋಲ್ಡ್‌ಮನ್ 1996ರ ಆಗಸ್ಟ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಈ ಬೆಳವಣಿಗೆಯನ್ನು ಗುರುತಿಸಿ ಅದಕ್ಕೆ ಹಾಸ್ಪಿಟಲಿಸ್ಟ್ ಎಂಬ ಹೆಸರಿಟ್ಟರು. ಮರುವರ್ಷವೇ ಇವರದೊಂದು ಸಂಘವಾಯಿತು. ಅದೇ ಇಂದಿನ ‘ಸೊಸೈಟಿ ಆಫ್ ಹಾಸ್ಪಿಟಲ್ ಮೆಡಿಸಿನ್’. ತಮ್ಮ ಲೇಖನ ಬಂದು 20 ವರ್ಷವಾದಾಗ, 2016ರಲ್ಲಿ, ಅದೇ ಇಬ್ಬರು ಬರೆದ ಲೆಕ್ಕದ ಪ್ರಕಾರ ಹಾಸ್ಪಿಟಲಿಸ್ಟ್‌ಗಳ ಸಂಖ್ಯೆ 50,000 ದಾಟಿತ್ತು. ಆ ದೇಶದ ಹೃದ್ರೋಗ ತಜ್ಞರ ಸಂಖ್ಯೆಗಿಂತ ಅದು ಎರಡು ಪಟ್ಟಿಗೂ ಹೆಚ್ಚು.

ಇನ್ನು ಅವರ ದಿನಚರಿ. ಬೆಳಿಗ್ಗೆ 7 ಗಂಟೆಗೆ ರಾತ್ರಿ ಪಾಳಿಯ ವೈದ್ಯರಿಂದ ಹೊಣೆ ವಹಿಸಿಕೊಳ್ಳುತ್ತಾರೆ. ನಸುಕಿನಲ್ಲಿಯೇ ತೆಗೆದ ರಕ್ತದ ವರದಿಗಳನ್ನು ನೋಡಿ, ರಾತ್ರಿ ಯಾರಿಗೆ ಜ್ವರ ಬಂತು, ಯಾರ ಆಮ್ಲಜನಕ ಇಳಿಯಿತು ಎಂದು ತಿಳಿದು, ಮೊದಲು ಯಾರ ಬಳಿ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಆಮೇಲೆ ಒಂದೊಂದೇ ಕೋಣೆ. ನಿಮ್ಮ ಕೋಣೆಯಲ್ಲಿ ಆ ವೈದ್ಯೆ ಕುರ್ಚಿ ಎಳೆದುಕೊಂಡು ಕೂತು ಮಾತನಾಡುತ್ತಿದ್ದಾಗ ಅವರ ಕಣ್ಣು ಬೇರೆ ಕೆಲಸವನ್ನೂ ಮಾಡುತ್ತಿತ್ತು. ವಾಕ್ಯ ಮುಗಿಯುವುದರೊಳಗೆ ನಿಮಗೆ ಏದುಸಿರು ಬರುತ್ತಿದೆಯೇ, ತಟ್ಟೆಯಲ್ಲಿ ತಿಂಡಿ ಎಷ್ಟು ಉಳಿದಿದೆ, ಕಾಲಿನಲ್ಲಿ ಬಾವು ಇದೆಯೇ, ತುರ್ತು ವಿಭಾಗದಲ್ಲಿ ಹಾಕಿದ ಮೂತ್ರದ ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ) ಇನ್ನೂ ಇರಬೇಕೇ. ಈ ಕೊನೆಯದು ಹೊರಗಿನವರಿಗೆ ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಬೇಡದ ಕ್ಯಾತಿಟರ್ ಒಳಗಿದ್ದಷ್ಟು ದಿನವೂ ಸೋಂಕಿಗೆ ದಾರಿ. ಅದು ಇರುವ ತನಕ ರೋಗಿ ಹಾಸಿಗೆ ಬಿಟ್ಟು ಏಳುವುದಕ್ಕೂ ಹಿಂಜರಿಯುತ್ತಾರೆ. ‘ಇವತ್ತು ಇದನ್ನು ತೆಗೆದುಬಿಡೋಣ’ ಎಂದು ಎರಡನೆಯ ದಿನವೇ ಹೇಳುವವರೊಬ್ಬರು ಬೇಕು. ಆ ಮಾತು ಮೂತ್ರಕೋಶದ ತಜ್ಞರದ್ದೂ ಅಲ್ಲ, ಶ್ವಾಸಕೋಶದ ತಜ್ಞರದ್ದೂ ಅಲ್ಲ.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ಕಾಟವಿದೆ. ಮನೆಯಲ್ಲಿ ಚೆನ್ನಾಗಿದ್ದ ಹಿರಿಯರು ಆಸ್ಪತ್ರೆ ಸೇರಿದ ಎರಡನೆಯ ರಾತ್ರಿ ಇದ್ದಕ್ಕಿದ್ದಂತೆ ಊರು, ದಿನ ಎಲ್ಲವನ್ನೂ ಮರೆತು ಡ್ರಿಪ್ಪಿನ ಸೂಜಿ ಕೀಳಲು ಹೋಗುತ್ತಾರೆ. ಅಮ್ಮನಿಗೆ ಬುದ್ಧಿ ಕೆಟ್ಟಿತೇ ಎಂದು ಮಕ್ಕಳು ಗಾಬರಿಯಾಗುತ್ತಾರೆ. ಡೆಲಿರಿಯಮ್ ಎನ್ನುವ ಈ ಗಲಿಬಿಲಿಗೆ ಸೋಂಕು, ಜ್ವರ, ನಿದ್ದೆಗೇಡು, ಕೆಲವು ಮಾತ್ರೆಗಳು, ಮಲಬದ್ಧತೆ ಹೀಗೆ ಹತ್ತು ಕಾರಣಗಳಿರಬಹುದು, ಅವನ್ನೆಲ್ಲ ಹುಡುಕಬೇಕು. ಅದರ ಜೊತೆಗೆ ಅನುಭವಿ ಹಾಸ್ಪಿಟಲಿಸ್ಟ್ ಮಾಡುವ ಮೊದಲ ಕೆಲಸವೆಂದರೆ ಕಿಟಕಿಯ ಪರದೆ ಸರಿಸಿ ಬೆಳಕು ಬಿಡುವುದು, ಮೇಜಿನ ಮೇಲಿದ್ದ ಕನ್ನಡಕವನ್ನು ಒರೆಸಿ ರೋಗಿಗೆ ಹಾಕುವುದು, ಶ್ರವಣಯಂತ್ರ ಮನೆಯಲ್ಲಿಯೇ ಉಳಿದಿದ್ದರೆ ತರಿಸುವುದು, ರಾತ್ರಿ 2 ಗಂಟೆಗೆ ಎಬ್ಬಿಸಿ ರಕ್ತದೊತ್ತಡ ನೋಡುವುದು ಬೇಡವೆಂದು ಬರೆಯುವುದು.

ವೈದ್ಯರು ನಡುವೆ ಬದಲಾಗುವುದಕ್ಕೆ ಕಾರಣ ಅವರ ಪಾಳಿಯ ಪದ್ಧತಿ. 7 ದಿನ ಸತತ ಕೆಲಸ, ಆಮೇಲೆ 7 ದಿನ ಬಿಡುವು ಎಂಬುದು ಅಲ್ಲಿ ಬಹಳ ಕಡೆ ರೂಢಿ. ಕೆಲಸದ ದಿನಗಳು ಸಾಮಾನ್ಯವಾಗಿ 12 ಗಂಟೆಯವು. ರಾತ್ರಿಗೇ ಮೀಸಲಾದವರು ಬೇರೆ ಇರುತ್ತಾರೆ. ಇದು ಈ ವ್ಯವಸ್ಥೆಯ ದುರ್ಬಲ ಜಾಗವೂ ಹೌದು. ರೋಗಿ ಒಬ್ಬ ವೈದ್ಯರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಏನಾದರೊಂದು ಮಾತು ಕೆಳಗೆ ಬೀಳುತ್ತದೆ. ಅದಕ್ಕಾಗಿ ಹೊಣೆ ವರ್ಗಾಯಿಸುವಾಗ ಏನೇನು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು, ಕೇಳಿಸಿಕೊಂಡವರು ಅದನ್ನು ಮರಳಿ ಹೇಗೆ ಹೇಳಬೇಕು ಎಂಬುದಕ್ಕೇ ಒಂದು ವಿಧಾನವನ್ನು ರೂಪಿಸಿದ್ದಾರೆ; ‘ಐ-ಪಾಸ್’ ಎಂದು ಅದರ ಹೆಸರು. 9 ಮಕ್ಕಳ ಆಸ್ಪತ್ರೆಗಳ ರೆಸಿಡೆಂಟ್ ವೈದ್ಯರಲ್ಲಿ ಅದನ್ನು ಜಾರಿಗೆ ತಂದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದವೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಮನ್ನು ಎರಡನೆಯ ವೈದ್ಯರು ನೋಡಲು ಬರುವ ಹೊತ್ತಿಗೆ ನಿಮ್ಮ ಕೆಮ್ಮು, ಸಕ್ಕರೆ, ಮಗಳ ಫೋನ್ ನಂಬರ್ ಎಲ್ಲವೂ ಅವರಿಗೆ ಗೊತ್ತಿದ್ದರೆ, ಮೊದಲಿನ ವೈದ್ಯೆ ಮನೆಗೆ ಹೋಗುವ ಮುಂಚೆ ಕೂತು ಅದನ್ನೆಲ್ಲ ಬರೆದು ಹೇಳಿಹೋಗಿದ್ದರೆಂದೇ ಅರ್ಥ.

ಪ್ರಶ್ನೆ: ನನ್ನ ಮಗ ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿ, ಈಗ ಸಣ್ಣ ಊರೊಂದರಲ್ಲಿ ಹಾಸ್ಪಿಟಲಿಸ್ಟ್ ಆಗಿದ್ದಾನೆ. ‘ಹಂಗಾರ ಸ್ಪೆಷಲಿಸ್ಟ್ ಅಲ್ಲೇನು? ಹಾರ್ಟ್ ಮಾಡಬೇಕಿತ್ತು’ ಎಂದು ನೆಂಟರು ಕೇಳುತ್ತಾರೆ. ಏನು ಹೇಳಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ನೆಂಟರ ಪ್ರಶ್ನೆ ನನಗೂ ಹೊಸದಲ್ಲ, ಪ್ರತಿ ರಜೆಯಲ್ಲಿಯೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಸೊಂಟದ ಮೂಳೆ ಮುರಿದುಕೊಂಡು ಬಂದ 80 ವರ್ಷದ ಅಜ್ಜಿಯನ್ನು ಊಹಿಸಿಕೊಳ್ಳಲು ಅವರಿಗೆ ಹೇಳಿ. ಮೂಳೆ ತಜ್ಞರು ಶಸ್ತ್ರಚಿಕಿತ್ಸೆಯನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಾರೆ. ಆದರೆ ಆ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ಹೃದಯ ದುರ್ಬಲವಾಗಿದೆ, ಮೂತ್ರಪಿಂಡ ಅರ್ಧದಷ್ಟು ಮಾತ್ರ ಕೆಲಸ ಮಾಡುತ್ತಿದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಯಾವಾಗ ನಿಲ್ಲಿಸಬೇಕು, ಮರಳಿ ಯಾವಾಗ ಶುರುಮಾಡಬೇಕು. ನೋವಿಗೆ ಕೊಡುವ ಔಷಧಿ ಮೂತ್ರಪಿಂಡಕ್ಕೆ ಹೊರೆಯಾಗದಂತೆ ಹೇಗೆ ನೋಡಿಕೊಳ್ಳಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಏನು ಕೊಡಬೇಕು. ಡ್ರಿಪ್ ಹೆಚ್ಚಾದರೆ ಹೃದಯ ಸೋಲುತ್ತದೆ, ಕಡಿಮೆಯಾದರೆ ಮೂತ್ರಪಿಂಡ ಸೋಲುತ್ತದೆ, ಎರಡರ ನಡುವೆ ಎಲ್ಲಿ ನಿಲ್ಲಬೇಕು. ಇವೆಲ್ಲ ನಿಮ್ಮ ಮಗನ ಕೆಲಸ. ಹೃದಯದ ತಜ್ಞರು ಒಂದು ಸಲಹೆ, ಮೂತ್ರಪಿಂಡದ ತಜ್ಞರು ಅದಕ್ಕೆ ವಿರುದ್ಧವಾದ ಇನ್ನೊಂದು ಸಲಹೆ ಬರೆದುಹೋದಾಗ ಇಬ್ಬರಿಗೂ ಫೋನ್ ಮಾಡಿ ಒಂದು ತೀರ್ಮಾನಕ್ಕೆ ತರುವವರೂ ಅವರೇ.

ಮದುವೆ ಮನೆಯಲ್ಲಿ ಊಟ ಹೊಗಳಿಸಿಕೊಳ್ಳುವವರು ಅಡುಗೆಯವರು, ದಕ್ಷಿಣೆ ಪಡೆಯುವವರು ಪುರೋಹಿತರು. ಮೂರು ದಿನ ಉಗ್ರಾಣದ ಕೀಲಿ ಇಟ್ಟುಕೊಂಡು ಯಾವುದಕ್ಕೂ ಕೊರತೆಯಾಗದಂತೆ ನೋಡಿಕೊಂಡವರನ್ನು ಕೇಳುವವರಿಲ್ಲ. ವಾರ್ಡಿನಲ್ಲಿಯೂ ಇದೇ ನ್ಯಾಯ. ರಕ್ತ ಹೆಪ್ಪುಗಟ್ಟಲಿಲ್ಲ, ಹಾಸಿಗೆ ಹುಣ್ಣು ಆಗಲಿಲ್ಲ, ಅಜ್ಜಿ ಬೀಳಲಿಲ್ಲ ಎಂಬುದಕ್ಕೆ ಹಾರ ಹಾಕುವವರು ಯಾರು?

ಓದಿನ ಮಾತಿಗೆ ಬಂದರೆ, ಇಂಟರ್ನಲ್ ಮೆಡಿಸಿನ್‌ನ ಪ್ರಮಾಣಪತ್ರ ನೀಡುವ ಅಲ್ಲಿಯ ಮಂಡಳಿಯು 2010ರಿಂದ ಆಸ್ಪತ್ರೆ ವೈದ್ಯಕೀಯದಲ್ಲಿ ವಿಶೇಷ ಗಮನವಿಟ್ಟವರಿಗೆ ಪ್ರತ್ಯೇಕ ಮನ್ನಣೆ ಕೊಡುತ್ತಿದೆ. ಮಕ್ಕಳ ವಿಭಾಗದಲ್ಲಂತೂ 2016ರಲ್ಲಿ ಅದನ್ನು ಒಂದು ಉಪತಜ್ಞತೆ ಎಂದೇ ಒಪ್ಪಲಾಯಿತು. ಮೊದಲ ಪರೀಕ್ಷೆ 2019ರಲ್ಲಿ ನಡೆಯಿತು. ‘ಸಣ್ಣ ಊರು’ ಎಂದು ಬರೆದಿದ್ದೀರಿ. ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮಾಡಿದವರು ನಿಯಮದಂತೆ 2 ವರ್ಷ ಸ್ವದೇಶಕ್ಕೆ ಮರಳಬೇಕು. ವೈದ್ಯರ ಕೊರತೆಯಿರುವ ಜಾಗದಲ್ಲಿ 3 ವರ್ಷ ದುಡಿಯಲು ಒಪ್ಪಿದರೆ ಆ ನಿಯಮದಿಂದ ವಿನಾಯಿತಿ ಸಿಗುತ್ತದೆ. ಇದಕ್ಕಾಗಿ ‘ಕಾನ್ರಾಡ್ 30’ ಯೋಜನೆಯಡಿ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನಗಳಿವೆ. ನಿಮ್ಮ ಮಗ ಆ ದಾರಿಯಲ್ಲಿ ಹೋದವರಾಗಿದ್ದರೆ, ಆ ಊರಿನ ರೈತರು, ಗಿರಣಿ ಕಾರ್ಮಿಕರು ನಡುರಾತ್ರಿ ಎದೆನೋವೆಂದು ಬಂದಾಗ ಅವರನ್ನು ದೊಡ್ಡ ನಗರಕ್ಕೆ ಸಾಗಹಾಕದೆ ಅಲ್ಲಿಯೇ ಉಳಿಸಿಕೊಂಡು ನೋಡುವ ಕೆಲವೇ ವೈದ್ಯರಲ್ಲಿ ಅವರೂ ಒಬ್ಬರು. ನೆಂಟರಿಗೆ ಇಷ್ಟು ಹೇಳಿ ನೋಡಿ.

ಪ್ರಶ್ನೆ: ಇದೆಲ್ಲ ಆಸ್ಪತ್ರೆಗಳು ಖರ್ಚು ಉಳಿಸಲು, ರೋಗಿಯನ್ನು ಬೇಗ ಮನೆಗೆ ಅಟ್ಟಲು ಮಾಡಿಕೊಂಡ ಏರ್ಪಾಡು ಎಂದು ಕೇಳಿದ್ದೇನೆ. ನಮ್ಮನ್ನು ಹತ್ತು ವರ್ಷದಿಂದ ಬಲ್ಲ ವೈದ್ಯರ ಬದಲು ಅಪರಿಚಿತರು ನೋಡಿದರೆ ಅದು ಮೆಚ್ಚಬೇಕಾದ ವಿಷಯವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು

ಉತ್ತರ: ಅನುಮಾನ ನ್ಯಾಯವಾದದ್ದೇ. ಖರ್ಚಿನ ಲೆಕ್ಕಾಚಾರ ಇಲ್ಲದಿದ್ದರೆ ಈ ವೃತ್ತಿ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ ಎಂಬುದನ್ನು ನಾವು ಮುಚ್ಚಿಡಬೇಕಿಲ್ಲ. ವಾಕ್ಟರ್ ಮತ್ತು ಗೋಲ್ಡ್‌ಮನ್ 2002ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಾಸ್ಪಿಟಲಿಸ್ಟ್‌ಗಳಿದ್ದಲ್ಲಿ ಆಸ್ಪತ್ರೆಯ ಖರ್ಚು ಸರಾಸರಿ ಶೇ. 13.4ರಷ್ಟು, ರೋಗಿ ಉಳಿಯುವ ದಿನಗಳು ಶೇ. 16.6ರಷ್ಟು ಕಡಿಮೆಯಾಗಿದ್ದವು. ಆದರೆ ಅವರಿಬ್ಬರೂ ಈ ಚಳವಳಿಯ ಜನಕರು. ಅವರ ಲೆಕ್ಕವನ್ನೇ ಕೊನೆಯ ಮಾತೆಂದುಕೊಳ್ಳಬೇಕಿಲ್ಲ. 2007ರಲ್ಲಿ 45 ಆಸ್ಪತ್ರೆಗಳ 76,926 ರೋಗಿಗಳನ್ನು ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಉಳಿತಾಯ ಅಷ್ಟೇನೂ ಕಾಣಲಿಲ್ಲ: ಸಾಮಾನ್ಯ ವೈದ್ಯರು ನೋಡಿದವರಿಗಿಂತ ಸುಮಾರು 0.4 ದಿನ ಮುಂಚೆ ಮನೆಗೆ ಹೋದರು, ಖರ್ಚಿನ ಅಂತರ ಸಣ್ಣದು, ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. 2011ರಲ್ಲಿ ಮೆಡಿಕೇರ್ ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನ ನಿಮ್ಮ ಅನುಮಾನಕ್ಕೆ ಬಲ ಕೊಡುತ್ತದೆ. ಆಸ್ಪತ್ರೆಯೊಳಗೆ ಒಬ್ಬ ರೋಗಿಗೆ ಉಳಿದದ್ದು 282 ಡಾಲರ್, ಮನೆಗೆ ಹೋದ ನಂತರದ ತಿಂಗಳಲ್ಲಿ ಹೆಚ್ಚಾದದ್ದು 332 ಡಾಲರ್. ಅಂದರೆ ಉಳಿತಾಯವೆಂದು ಕಂಡದ್ದು ಬಾಗಿಲಾಚೆ ಸಾಗಿಸಿದ ಖರ್ಚು ಅಷ್ಟೆ. ತಮ್ಮದೇ ಫ್ಯಾಮಿಲಿ ಡಾಕ್ಟರ್ ಆಸ್ಪತ್ರೆಗೂ ಬಂದು ನೋಡಿದ ಹಿರಿಯ ರೋಗಿಗಳು ನೇರವಾಗಿ ಮನೆಗೆ ಮರಳುವ ಸಾಧ್ಯತೆ ಹೆಚ್ಚು ಎಂಬುದನ್ನು 2017ರ ಒಂದು ಅಧ್ಯಯನವೂ ತೋರಿಸಿತು. ಹತ್ತು ವರ್ಷದ ಪರಿಚಯಕ್ಕೆ ಬೆಲೆಯಿದೆ.

ಹಾಗಿದ್ದೂ ನಾನು ಈ ಪದ್ಧತಿಯ ಪರವಾಗಿಯೇ ನಿಲ್ಲುತ್ತೇನೆ. ಕಾರಣ ಖರ್ಚಿನ ಲೆಕ್ಕವಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ತಡೆಯಬಹುದಾದ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದು ಎಂದು ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಅಂದಾಜಿಸಿತು. ಈ ವರದಿ ಬಂದ ಮೇಲೆ ವಾರ್ಡಿನೊಳಗಿನ ಸೋಂಕು, ಔಷಧಿಯ ಅದಲುಬದಲು, ಬೀಳುವಿಕೆ ಇವನ್ನು ತಗ್ಗಿಸುವ ಕೆಲಸವನ್ನು ಕೈಗೆತ್ತಿಕೊಳ್ಳಲು ದಿನವಿಡೀ ಅಲ್ಲಿಯೇ ಇರುವವರು ಬೇಕಾಯಿತು. ಬೆಳಿಗ್ಗೆ ಬಂದು ಹೋಗುವವರಿಂದ ಅದು ಆಗುವಂಥದ್ದಲ್ಲ. ಸಂಜೆ 4 ಗಂಟೆಗೆ ರೋಗಿಯ ರಕ್ತದೊತ್ತಡ ಕುಸಿದರೆ 5 ನಿಮಿಷದೊಳಗೆ ಹಾಸಿಗೆಯ ಬಳಿ ಇರುವವರು ಯಾರು ಎಂಬುದೇ ನನ್ನ ಪಾಲಿಗೆ ಮುಖ್ಯ. 2020ರ ಕೋವಿಡ್ ದಿನಗಳಲ್ಲಿ ಇದು ಚೆನ್ನಾಗಿ ಕಂಡಿತು. ಮನೆಯವರನ್ನು ಒಳಗೆ ಬಿಡದಿದ್ದ ಆ ತಿಂಗಳುಗಳಲ್ಲಿ ಕೋವಿಡ್ ವಾರ್ಡುಗಳ ಬಹುಪಾಲು ಭಾರ ಹೊತ್ತವರೂ, ಪಾಳಿ ಮುಗಿದ ಮೇಲೆ ಒಂದೊಂದೇ ಮನೆಗೆ ಫೋನ್ ಮಾಡಿ ‘ಇವತ್ತು ಆಮ್ಲಜನಕ ಸ್ವಲ್ಪ ಕಡಿಮೆ ಸಾಕಾಯಿತು’ ಎಂದು ತಿಳಿಸುತ್ತಿದ್ದವರೂ ಇವರೇ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿದ್ದೇನೆ. ಅಪ್ಪ, ಅಮ್ಮ ಮುಂದಿನ ತಿಂಗಳು ಊರಿನಿಂದ ಬರುತ್ತಿದ್ದಾರೆ. ಇಬ್ಬರಿಗೂ ಬಿಪಿ, ಶುಗರ್ ಇದೆ. ಆಸ್ಪತ್ರೆಗೆ ಸೇರಿಸುವ ಸಂದರ್ಭ ಬಂದರೆ ಅಲ್ಲಿಯ ವೈದ್ಯರಿಗೆ ನಾವು ಹೇಗೆ ನೆರವಾಗಬಹುದು?
— ಸಾಫ್ಟ್‌ವೇರ್ ಉದ್ಯೋಗಿ, ಡಲ್ಲಾಸ್

ಉತ್ತರ: ಈ ಪ್ರಶ್ನೆಗೆ ಧನ್ಯವಾದ. ನಮ್ಮ ಕೆಲಸವನ್ನು ಮೆಚ್ಚುವ ಅತ್ಯುತ್ತಮ ರೀತಿಯೂ ಇದೇ.

ಮೊದಲನೆಯದು ಮಾತ್ರೆಗಳು. ಹೊಸ ರೋಗಿ ಬಂದಾಗ ಹಾಸ್ಪಿಟಲಿಸ್ಟ್‌ಗಳಿಗೆ ಹೆಚ್ಚು ಹೊತ್ತು ಹಿಡಿಯುವ ಕೆಲಸಗಳಲ್ಲಿ ಒಂದು, ಅವರು ಮನೆಯಲ್ಲಿ ಏನೇನು ತೆಗೆದುಕೊಳ್ಳುತ್ತಿದ್ದರು ಎಂಬ ಪಟ್ಟಿಯನ್ನು ಖಚಿತಪಡಿಸಿಕೊಳ್ಳುವುದು. ಊರಿನಿಂದ ಬಂದ ಹಿರಿಯರ ವಿಷಯದಲ್ಲಿ ಅದು ಪತ್ತೇದಾರಿ ಕೆಲಸವೇ ಆಗುತ್ತದೆ. ಪ್ಲಾಸ್ಟಿಕ್ ಕವರಿನೊಳಗಿಂದ ಅರ್ಧ ಕತ್ತರಿಸಿದ ಸ್ಟ್ರಿಪ್‌ಗಳು ಹೊರಬರುತ್ತವೆ. ಹೆಸರಿದ್ದ ಭಾಗ ಹರಿದುಹೋಗಿ ಬೆಲೆ ಮಾತ್ರ ಉಳಿದಿರುತ್ತದೆ. ಹೆಸರಿದ್ದರೂ ಅದು ಭಾರತದ ಕಂಪನಿ ಇಟ್ಟ ಹೆಸರು, ಇಲ್ಲಿಯ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ನಮ್ಮಲ್ಲಿ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿದ ಒಂದೇ ಮಾತ್ರೆ ಸಾಮಾನ್ಯ; ಇಲ್ಲಿ ಅವು ಬೇರೆ ಬೇರೆ ಮಾತ್ರೆಗಳು, ಮತ್ತು ಆಸ್ಪತ್ರೆಯಲ್ಲಿರುವಾಗ ಎರಡನ್ನೂ ನಿಲ್ಲಿಸಿ ಇನ್ಸುಲಿನ್ ಕೊಡುವುದೇ ರೂಢಿ. ನಮ್ಮ ಎಕೋಸ್ಪ್ರಿನ್ 75 ಮಿಲಿಗ್ರಾಂ ಇಲ್ಲಿ ಸಿಗುವುದಿಲ್ಲ, 81 ಮಿಲಿಗ್ರಾಮಿನ ಆಸ್ಪಿರಿನ್ ಸಿಗುತ್ತದೆ. ಪ್ಯಾರಾಸಿಟಮಾಲ್ ಇಲ್ಲಿ ಅಸೆಟಮಿನೋಫೆನ್ ಆಗಿ, ಟೈಲೆನಾಲ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಡೋಲೋವನ್ನು ಚೀಲದಲ್ಲಿಟ್ಟುಕೊಂಡವರು ಟೈಲೆನಾಲನ್ನೂ ನುಂಗಿದರೆ ಒಂದೇ ಔಷಧಿಯನ್ನು ಎರಡು ಪಾಲು ತೆಗೆದುಕೊಂಡಂತೆ. ಊರಿನಲ್ಲಿ ನೋವಿಗೆ ಕೊಡುವ ನಿಮೆಸುಲೈಡ್ ಇಲ್ಲಿ ಅನುಮತಿಯನ್ನೇ ಪಡೆದಿಲ್ಲ. ಆದ್ದರಿಂದ ವಿಮಾನ ಹತ್ತುವ ಮುಂಚೆಯೇ ನಿಮ್ಮ ತಂದೆತಾಯಿಯವರ ಪ್ರತಿ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತರಿಸಿಕೊಳ್ಳಿ. ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಆಯುರ್ವೇದದ ಚೂರ್ಣ, ಲೇಹ್ಯಗಳಿದ್ದರೆ ಅವನ್ನೂ ಸಂಕೋಚವಿಲ್ಲದೆ ಬರೆಯಿರಿ. ವೈದ್ಯರು ಬೈಯುತ್ತಾರೆಂದು ಅಡಗಿಸಿಟ್ಟರೆ ತೊಂದರೆ ರೋಗಿಗೇ.

ಎರಡನೆಯದು, ಮನೆಯಿಂದ ಒಬ್ಬರೇ ಮಾತನಾಡಿ. ಬೆಳಿಗ್ಗೆ ಮಗ, ಮಧ್ಯಾಹ್ನ ಸೊಸೆ, ಸಂಜೆ ಬೆಂಗಳೂರಿನಿಂದ ಡಾಕ್ಟರ್ ಆಗಿರುವ ಸೋದರಳಿಯ ಹೀಗೆ ಮೂವರಿಗೂ ಅದನ್ನೇ ಮೊದಲಿನಿಂದ ವಿವರಿಸುವಷ್ಟರಲ್ಲಿ ಇನ್ನೊಬ್ಬ ರೋಗಿಯ ಹೊತ್ತು ಹೋಗಿರುತ್ತದೆ. ದೂರದಿಂದ ಕೊನೆಯ ಗಳಿಗೆಯಲ್ಲಿ ಬಂದಿಳಿದು, ಅಷ್ಟು ದಿನ ಪಕ್ಕದಲ್ಲಿದ್ದವರು ಮಾಡಿದ ತೀರ್ಮಾನಗಳನ್ನೆಲ್ಲ ತಲೆಕೆಳಗು ಮಾಡುವ ಬಂಧುವಿಗೆ ಇಲ್ಲಿಯ ವೈದ್ಯರು ‘ಕ್ಯಾಲಿಫೋರ್ನಿಯಾದ ಮಗಳು’ ಎಂದು ಹೆಸರಿಟ್ಟಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಅದೇ ಬಂಧುವನ್ನು ನ್ಯೂಯಾರ್ಕಿನವಳೆನ್ನುತ್ತಾರಂತೆ. ನಮ್ಮ ಊರಿನ ಆಸ್ಪತ್ರೆಗಳಲ್ಲಿ ಆ ಪಾತ್ರವನ್ನು ಅಮೆರಿಕದ ಮಗ ವಹಿಸುತ್ತಾನೆ ಎಂಬುದನ್ನು ನೀವೂ ನಾನೂ ಒಪ್ಪಬೇಕು.

ಭಾಷೆಯ ವಿಷಯ ಇನ್ನೂ ಮುಖ್ಯ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು, ಅಂದರೆ ಹೆಚ್ಚುಕಡಿಮೆ ಎಲ್ಲವೂ, ಇಂಗ್ಲಿಷ್ ಬಾರದ ರೋಗಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕೆಂದು ಕಾನೂನಿದೆ. ಕನ್ನಡದ ದುಭಾಷಿ ಬೇಕೆಂದು ದಾಖಲಾಗುವಾಗಲೇ ಹೇಳಿ. ಸಾಮಾನ್ಯವಾಗಿ ಫೋನಿನ ಮೂಲಕ ಏರ್ಪಾಡು ಮಾಡುತ್ತಾರೆ. ನಾನೇ ಇದ್ದೇನಲ್ಲ ಎಂದು ನೀವು ಅನ್ನಬಹುದು. ಆದರೆ ಮಲಕ್ಕೆ ರಕ್ತ ಬೀಳುತ್ತಿದೆಯೇ ಎಂದು ಮಗಳ ಮೂಲಕ ಕೇಳಿದರೆ ಅಪ್ಪ ‘ಏನಿಲ್ಲ’ ಎಂದೇ ಹೇಳುತ್ತಾರೆ. ಅದೇ ಪ್ರಶ್ನೆಯನ್ನು ಯಾರೋ ಅಪರಿಚಿತರು ಫೋನಿನಲ್ಲಿ ಕನ್ನಡದಲ್ಲಿ ಕೇಳಿದಾಗ ತಿಂಗಳ ಹಿಂದಿನ ಕಥೆ ಹೊರಬರುತ್ತದೆ.

ಹೃದಯ ನಿಂತರೆ ಎದೆ ಒತ್ತಿ ಬದುಕಿಸಲು ಯತ್ನಿಸಬೇಕೇ, ಉಸಿರಾಟದ ಯಂತ್ರ ಹಾಕಬೇಕೇ ಎಂದು ದಾಖಲಾಗುವ ದಿನವೇ ಕೇಳುತ್ತಾರೆ. ಅಶುಭ ನುಡಿಯುತ್ತಿದ್ದಾರೆಂದು ಸಿಟ್ಟಾಗಬೇಡಿ. ಎಲ್ಲ ವಯಸ್ಕರನ್ನೂ ಕೇಳುವ ಪ್ರಶ್ನೆ ಅದು. ತಂದೆತಾಯಿಯವರ ಮನಸ್ಸಿನಲ್ಲಿ ಏನಿದೆಯೆಂದು ಮನೆಯಲ್ಲಿಯೇ ಒಮ್ಮೆ ಮಾತನಾಡಿಕೊಂಡಿದ್ದರೆ ಒಳ್ಳೆಯದು.

ಪ್ರಶ್ನೆ: ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ಇಂಥ ವೈದ್ಯರಿದ್ದಾರೆಯೇ?
— ನರ್ಸಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೆಲಸ ಇದೆ, ಸ್ಥಾನಮಾನ ಇಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್‌ಗಳು, ಪಿ.ಜಿ. ವಿದ್ಯಾರ್ಥಿಗಳು ವಾರ್ಡಿನಲ್ಲಿಯೇ ಬೀಡುಬಿಟ್ಟಿರುತ್ತಾರೆ. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಲ್ಲಿ ಹೆಸರಾಂತ ಕನ್ಸಲ್ಟೆಂಟ್ ಬೆಳಿಗ್ಗೆ, ಸಂಜೆ ರೌಂಡ್ಸ್ ಬಂದು ಹೋಗುತ್ತಾರೆ. ಉಳಿದ 22 ಗಂಟೆ ಡ್ಯೂಟಿ ಡಾಕ್ಟರ್ ಇರುತ್ತಾರೆ. ರೋಗಿಯ ಕಡೆಯವರು ‘ಬರೀ ಡ್ಯೂಟಿ ಡಾಕ್ಟರ್, ದೊಡ್ಡ ಡಾಕ್ಟರನ್ನು ಕರೀರಿ’ ಎನ್ನುವುದು ಇವರನ್ನೇ. ಬಹಳ ಸಲ ಇವರು ಪಿ.ಜಿ. ಪ್ರವೇಶ ಪರೀಕ್ಷೆಗೆ ಓದುತ್ತ, ಒಂದೆರಡು ವರ್ಷಕ್ಕೆಂದು ಬಂದ ಕಿರಿಯರು. ಹಾಸ್ಪಿಟಲಿಸ್ಟ್‌ಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಅಧಿಕಾರದ್ದು. ಹಾಸ್ಪಿಟಲಿಸ್ಟ್ ತಾನೇ ತೀರ್ಮಾನಿಸುತ್ತಾರೆ, ತಜ್ಞರನ್ನು ಸಲಹೆಗೆ ಕರೆಯುತ್ತಾರೆ. ಡ್ಯೂಟಿ ಡಾಕ್ಟರ್ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಕೇಳಿ ಮಾಡಬೇಕು. ನಮ್ಮ ಎಂ.ಡಿ. ಪದವಿಗಳ ಪಟ್ಟಿಯಲ್ಲಿ ಹಾಸ್ಪಿಟಲ್ ಅಡ್ಮಿನಿಸ್ಟ್ರೇಷನ್ ಇದೆ, ಆದರೆ ಅದು ಆಡಳಿತದ ಓದು. ವಾರ್ಡಿನ ವೈದ್ಯಕೀಯಕ್ಕೆ ಪ್ರತ್ಯೇಕ ಜಾಗವಿಲ್ಲ.

ಸಾವಿನ ಸುದ್ದಿಯನ್ನು ಮನೆಯವರಿಗೆ ಹೇಳಬೇಕಾದವರು, ಅವರ ಸಿಟ್ಟಿನ ಏಟು ತಿನ್ನುವವರು ಕೂಡ ಹೆಚ್ಚಾಗಿ ಇದೇ ಕಿರಿಯರು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲಿಯೇ ಕಾಯಿದೆ ಮಾಡಿದೆ. ಕಾಯಿದೆಯ ಜೊತೆಗೆ ಈ ಕೆಲಸಕ್ಕೆ ಒಂದು ಹುದ್ದೆ, ಒಂದು ಸಂಬಳ, ಮುಂದೆ ಬೆಳೆಯುವ ದಾರಿ ಇದ್ದರೆ ಅನುಭವಿಗಳೇ ವಾರ್ಡಿನಲ್ಲಿ ಉಳಿಯುತ್ತಾರೆ ಎಂಬುದು ನನ್ನ ಅಭಿಪ್ರಾಯ. ನೀವು ನರ್ಸಿಂಗ್ ಓದುತ್ತಿರುವವರು. ರಾತ್ರಿ ಪಾಳಿಯಲ್ಲಿ ಅನುಭವಿ ವೈದ್ಯರು ಜೊತೆಗಿದ್ದರೆ ನಿಮ್ಮ ಕೆಲಸ ಎಷ್ಟು ಹಗುರವಾಗುತ್ತದೆಂದು ಬೇಗ ತಿಳಿಯುತ್ತದೆ.

ಪ್ರಶ್ನೆ: ಸೊಸೆಯನ್ನು ಹತ್ತು ದಿನ ನೋಡಿಕೊಂಡ ಅಮೆರಿಕದ ಆ ವೈದ್ಯರಿಗೆ ಕೃತಜ್ಞತೆ ಹೇಳಬೇಕು. ರೇಷ್ಮೆ ಶಾಲು ಕಳಿಸಬಹುದೇ? ಅವರ ಹೆಸರು ಸರಿಯಾಗಿ ನೆನಪಿಲ್ಲ.
— ಗೃಹಿಣಿ, ಉಡುಪಿ

ಉತ್ತರ: ಶಾಲು ಬೇಡ. ಬೆಲೆಬಾಳುವ ಉಡುಗೊರೆ, ನಗದು ಇವನ್ನು ಪಡೆಯಬಾರದೆಂದು ಅಲ್ಲಿಯ ಬಹಳಷ್ಟು ಆಸ್ಪತ್ರೆಗಳಲ್ಲಿ ನಿಯಮವಿದೆ. ಕೊಟ್ಟರೆ ವೈದ್ಯರಿಗೇ ಮುಜುಗರ. ವಾರ್ಡಿನವರೆಲ್ಲ ಹಂಚಿಕೊಂಡು ತಿನ್ನುವ ಸಿಹಿ ಡಬ್ಬವಾದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಗೋಡಂಬಿ, ಬಾದಾಮಿ ಇದ್ದರೆ ಮೇಲೆ ಬರೆದಿರಬೇಕು, ಅಲ್ಲಿ ಅಲರ್ಜಿಯವರು ಬಹಳ.

ಅವರಿಗೆ ನಿಜಕ್ಕೂ ಉಪಯೋಗವಾಗುವುದು ಪತ್ರ. ಹಾಸ್ಪಿಟಲಿಸ್ಟ್‌ಗೆ ಕ್ಲಿನಿಕ್ ಇಲ್ಲ; ಗುಣವಾದ ರೋಗಿ ಮರಳಿ ಬಂದು ಎದುರಿಗೆ ಕೂರುವುದಿಲ್ಲ. ಮನೆಗೆ ಹೋದವರು ಏನಾದರೆಂದು ಬಹುತೇಕ ಗೊತ್ತೇ ಆಗುವುದಿಲ್ಲ, ಪುನಃ ದಾಖಲಾದವರು ಮಾತ್ರ ಕಣ್ಣಿಗೆ ಬೀಳುತ್ತಾರೆ. ನಿಮ್ಮ ಸೊಸೆ ಈಗ ಮನೆಯಲ್ಲಿ ಓಡಾಡುತ್ತಿದ್ದಾರೆ, ಮಗುವನ್ನು ಎತ್ತಿಕೊಳ್ಳುತ್ತಿದ್ದಾರೆ ಎಂಬ ಎರಡು ಸಾಲು ಅವರಿಗೆ ಬೇರೆಲ್ಲಿಯೂ ಸಿಗದ ಸುದ್ದಿ. ಹೆಸರು ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಅಟೆಂಡಿಂಗ್’ ಎಂಬ ಪದದ ಪಕ್ಕದಲ್ಲಿರುತ್ತದೆ. ಹತ್ತು ದಿನವಾದ್ದರಿಂದ ಇಬ್ಬರ ಹೆಸರೂ ಇರಬಹುದು. ಆಗ ಇಬ್ಬರಿಗೂ ಬರೆಯಿರಿ. ಆಸ್ಪತ್ರೆಯ ಪೇಷೆಂಟ್ ರಿಲೇಷನ್ಸ್ ಕಚೇರಿಗೆ ಕಳಿಸಿದರೆ ಪತ್ರ ವೈದ್ಯರಿಗೂ ಅವರ ಮುಖ್ಯಸ್ಥರಿಗೂ ತಲುಪುತ್ತದೆ. ಮನೆಗೆ ಹೋದ ಕೆಲವು ವಾರಗಳಲ್ಲಿ ಎಚ್‌ಕ್ಯಾಪ್ಸ್ ಎಂಬ ಸಮೀಕ್ಷೆಯ ಕಾಗದ ಬಂದಿದ್ದರೆ ಅದನ್ನು ಎಸೆಯಬೇಡಿ. ಕೆಲವರನ್ನು ಆರಿಸಿ ಕಳಿಸುವ ಕಾಗದ ಅದು. ವೈದ್ಯರು ಗೌರವದಿಂದ ನಡೆದುಕೊಂಡರೇ, ಗಮನವಿಟ್ಟು ಕೇಳಿಸಿಕೊಂಡರೇ, ಅರ್ಥವಾಗುವಂತೆ ವಿವರಿಸಿದರೇ ಎಂದು ಅದರಲ್ಲಿ ಕೇಳಿರುತ್ತಾರೆ, ಮತ್ತು ಆ ಉತ್ತರಗಳ ಮೇಲೆ ಆಸ್ಪತ್ರೆಗೆ ಬರುವ ಮೆಡಿಕೇರ್ ಹಣದ ಒಂದು ಪಾಲೂ ನಿಂತಿದೆ. ಪತ್ರವನ್ನು ನೀವು ಕನ್ನಡದಲ್ಲಿಯೇ ಬರೆಯಿರಿ. ಕೆಳಗೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಮಗನಿಂದ ಬರೆಸಿ, ದಾಖಲಾದ ದಿನಾಂಕ ಮತ್ತು ವಾರ್ಡಿನ ಹೆಸರು ಸೇರಿಸಿದರೆ ಸಾಕು.